ಬಟ್–ಪುಟ್ ಜಗಳದ ಹಿಂದೆ: ಇಂಗ್ಲಿಷ್ ಪ್ರಾಸಪದಗಳ ಚರಿತ್ರೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಲೇಖನ ಬೇಕೆಂದು ಸಮಿತಿಯ ಗೆಳೆಯರು ಫೋನ್ ಮಾಡಿದಾಗ, ಶಾಲೆಯ ನೆನಪುಗಳನ್ನು ಬರೆಯುವವರು ಬೇಕಾದಷ್ಟು ಜನ ಇದ್ದಾರೆ, ನಾನು ಶಾಲೆಯಲ್ಲಿ ಕೇಳುತ್ತಿದ್ದ ಒಂದು ಪ್ರಶ್ನೆಯ ಬಗ್ಗೆ ಬರೆಯುತ್ತೇನೆ ಎಂದೆ. ಇಂಗ್ಲಿಷ್ ಪದ್ಯ ಮುಗಿದ ಕೂಡಲೇ ಅಭ್ಯಾಸದಲ್ಲಿ ಬರುತ್ತಿದ್ದ ಪ್ರಶ್ನೆ ಅದು: ಪದ್ಯದಲ್ಲಿರುವ ರೈಮಿಂಗ್ ವರ್ಡ್ಸ್, ಅಂದರೆ ಪ್ರಾಸಪದಗಳನ್ನು ಆರಿಸಿ ಬರೆಯಿರಿ. ಒಂದೋ ಎರಡೋ ಅಂಕದ ಪ್ರಶ್ನೆ. ಇಂಗ್ಲಿಷಿಗೆ ಹೆದರುವ ಹುಡುಗರೂ ಇದೊಂದನ್ನು ಬಿಡುತ್ತಿರಲಿಲ್ಲ. ಈಗಲೂ ಬಿಡುವುದಿಲ್ಲ ಎಂದು ಶಾಲೆಯ ಶಿಕ್ಷಕರು ಹೇಳುತ್ತಾರೆ.

ಬಿಡದಿರಲು ಕಾರಣವಿದೆ. ಸಾಲುಗಳ ಕೊನೆಯ ಪದ ನೋಡು, ಕೊನೆಯ ಮೂರು ಅಕ್ಷರ ಒಂದೇ ಆಗಿದ್ದರೆ ಜೋಡಿ ಮಾಡಿ ಬರೆ ಎನ್ನುವುದು ಹುಡುಗರ ಲೆಕ್ಕ. ಕನ್ನಡದಲ್ಲಿ ಈ ಲೆಕ್ಕ ತಪ್ಪುವುದೇ ಇಲ್ಲ. ನಾವು ಬರೆದಂತೆ ಓದುವವರು. ಕಣ್ಣಿಗೆ ಒಂದೇ ಆಗಿ ಕಂಡದ್ದು ಕಿವಿಗೂ ಒಂದೇ ಆಗಿ ಕೇಳುತ್ತದೆ. ಇಂಗ್ಲಿಷಿನಲ್ಲಿ ಹಾಗಲ್ಲ. ಲವ್, ಮೂವ್, ಗ್ರೋವ್ ಮೂರೂ ಓ-ವಿ-ಇ ಎಂದೇ ಮುಗಿಯುತ್ತವೆ, ಆದರೆ ಮೂರೂ ಬೇರೆ ಬೇರೆ. ಅದೇ ಎಯ್ಟ್ ಎಂದರೆ ಎಂಟು, ಲೇಟ್ ಎಂದರೆ ತಡ. ಬರೆದರೆ ಕೊನೆಯ ಭಾಗ ಒಂದಕ್ಕೊಂದು ಹೋಲುವುದಿಲ್ಲ, ಹೇಳಿದರೆ ಅಚ್ಚುಕಟ್ಟಾದ ಪ್ರಾಸ. ಆರ್-ಓ-ಯು-ಜಿ-ಎಚ್ ಎಂದು ಬರೆಯುವ ರಫ್ (ಒರಟು) ಪದಕ್ಕೆ ಸ್ಟಫ್ (ಸಾಮಾನು) ಪ್ರಾಸ. ನಮ್ಮ ಇಂಗ್ಲಿಷ್ ಮೇಷ್ಟ್ರು ಇದಕ್ಕೆ ಒಂದೇ ಉಪಾಯ ಹೇಳುತ್ತಿದ್ದರು: “ಪ್ರಾಸ ಹುಡುಕುವಾಗ ಕಣ್ಣು ಮುಚ್ಚಿಕೊಳ್ರಪ್ಪಾ.” ನಾನು ಬಿ.ಇ. ಮುಗಿಸಿ, ಮಾತನ್ನು ಬರಹಕ್ಕೆ ಇಳಿಸುವ ತಂತ್ರಾಂಶದ ಕೆಲಸಕ್ಕೆ ಸೇರಿದ ಮೇಲೆ ಆ ಮಾತು ಎಷ್ಟು ದೂರದವರೆಗೆ ಹೋಗುತ್ತದೆ ಎಂದು ತಿಳಿಯಿತು. ಕಣ್ಣಿಗೂ ಕಿವಿಗೂ ಈ ಜಗಳ ಹೇಗೆ ಹತ್ತಿತು ಎನ್ನುವುದಕ್ಕೆ ಸಾವಿರ ವರ್ಷದ ಕಥೆಯೇ ಇದೆ.

ಮೊದಲನೆಯದಾಗಿ, ಸಾಲಿನ ಕೊನೆಯ ಪ್ರಾಸ ಇಂಗ್ಲಿಷಿನ ಹುಟ್ಟುಗುಣವಲ್ಲ. ‘ಬೇವುಲ್ಫ್’ನಂಥ ಹಳೆಯ ಇಂಗ್ಲಿಷ್ ಕಾವ್ಯಗಳು ನಡೆಯುವುದು ಪದಗಳ ಆರಂಭದ ಧ್ವನಿ ಮರುಕಳಿಸುವುದರಿಂದ. ನಾವು ಅನುಪ್ರಾಸ ಎನ್ನುತ್ತೇವಲ್ಲ, ಸುಮಾರಾಗಿ ಅದು. 1066ರಲ್ಲಿ ಫ್ರಾನ್ಸಿನ ಉತ್ತರ ಭಾಗದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನದ ಭಾಷೆ ಫ್ರೆಂಚ್ ಆಯಿತು. ಫ್ರೆಂಚ್ ಕವಿಗಳ ಅಂತ್ಯಪ್ರಾಸದ ರೂಢಿ ಇಂಗ್ಲಿಷ್ ಕಾವ್ಯದಲ್ಲಿ ನೆಲೆಯೂರಿತು. ‘ರೈಮ್’ ಎನ್ನುವ ಪದವೂ ಫ್ರೆಂಚಿನಿಂದ ಬಂದದ್ದೇ. ಮೊದಲು ಅದನ್ನು ಆರ್-ಐ-ಎಂ-ಇ ಎಂದು ಸರಳವಾಗಿ ಬರೆಯುತ್ತಿದ್ದರು. ಆಮೇಲೆ ಪಂಡಿತರು ಅದನ್ನು ಗ್ರೀಕ್ ಮೂಲದ ‘ರಿದಮ್’ ಪದದ ನೆಂಟನೆಂದು ತಿಳಿದು ನಡುವೆ ಒಂದು ಎಚ್, ಒಂದು ವೈ ಸೇರಿಸಿದರು. ಪ್ರಾಸ ಎನ್ನುವ ಪದದ ಕಾಗುಣಿತವೇ ಕಿವಿಗೆ ದ್ರೋಹ ಬಗೆದ ಮೇಲೆ ಉಳಿದ ಪದಗಳ ಪಾಡು ಹೇಳಬೇಕೆ!

ನಮ್ಮ ಕನ್ನಡದ ಕಥೆ ಇದಕ್ಕೆ ತದ್ವಿರುದ್ಧ. ಹಳಗನ್ನಡ ಕವಿಗಳಿಗೆ ಕಡ್ಡಾಯವಾಗಿದ್ದದ್ದು ಪ್ರತಿ ಸಾಲಿನ ಎರಡನೆಯ ಅಕ್ಷರದಲ್ಲಿ ಬರುವ ಆದಿಪ್ರಾಸ. ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂದು ಅದರ ಆರು ಬಗೆಗಳನ್ನು ಕನ್ನಡ ತರಗತಿಯಲ್ಲಿ ಬಾಯಿಪಾಠ ಮಾಡಿದವರಿಗೆ ನೆನಪಿರಬಹುದು. ನಾಗವರ್ಮನ ‘ಛಂದೋಂಬುಧಿ’ ನಮ್ಮ ಛಂದಸ್ಸಿನ ಮೂಲಗ್ರಂಥ. ಅದನ್ನು ಕಿಟೆಲ್ ಅವರು 1875ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ರಗಳೆಗಳಲ್ಲಿ ಅಂತ್ಯಪ್ರಾಸ ಇತ್ತು, ನಿಜ. ಆದರೆ ಮಂಜೇಶ್ವರದ ಗೋವಿಂದ ಪೈಗಳು ಆದಿಪ್ರಾಸವನ್ನು ಬಿಟ್ಟುಕೊಟ್ಟದ್ದು, ಬಿ.ಎಂ.ಶ್ರೀಯವರ ‘ಇಂಗ್ಲಿಷ್ ಗೀತಗಳು’ ಬಂದದ್ದು, ಇವುಗಳ ನಂತರವೇ ನಾವು ಇಂದು ಹಾಡುವ ಭಾವಗೀತೆಗಳ ಪ್ರಾಸದ ನಡೆ ಊರಿಕೊಂಡಿತು. ತಮಾಷೆ ಎಂದರೆ ಗೋವಿಂದ ಪೈಗಳಿಗಿಂತ ಎರಡೂವರೆ ಶತಮಾನ ಮೊದಲೇ ಇಂಗ್ಲೆಂಡಿನಲ್ಲಿ ಮಿಲ್ಟನ್ ಕವಿ ಇದೇ ಬಂಡಾಯ ಹೂಡಿದ್ದ. 1667ರ ‘ಪ್ಯಾರಡೈಸ್ ಲಾಸ್ಟ್’ ಕಾವ್ಯವನ್ನು ಪ್ರಾಸವಿಲ್ಲದೆ ಬರೆದು, ಮರುವರ್ಷ ಅದಕ್ಕೆ ಒಂದು ಟಿಪ್ಪಣಿ ಸೇರಿಸಿ, ಪ್ರಾಸವೆನ್ನುವುದು ಅನಾಗರಿಕ ಕಾಲದ ಸೃಷ್ಟಿ ಎಂದುಬಿಟ್ಟ.

ಅಂತ್ಯಪ್ರಾಸ ಕನ್ನಡದಲ್ಲಿ ಸುಲಭ. ವಿಭಕ್ತಿ ಪ್ರತ್ಯಯಗಳೇ ಅರ್ಧ ಕೆಲಸ ಮಾಡಿಕೊಡುತ್ತವೆ. ಮನೆಯಲ್ಲಿ, ಹೊಲದಲ್ಲಿ, ಬಾನಿನಲ್ಲಿ ಎಂದು ಎಷ್ಟು ಬೇಕಾದರೂ ಸಾಲು ಹೊಸೆಯಬಹುದು. ಇಂಗ್ಲಿಷಿಗೂ ಒಂದು ಕಾಲದಲ್ಲಿ ಇಂಥ ಪ್ರತ್ಯಯಗಳು ಇದ್ದವು, ಮಾತಿನಲ್ಲಿ ಸವೆದು ಬಹುಪಾಲು ಉದುರಿಹೋದವು. ಹಾಗಾಗಿ ಅಲ್ಲಿ ಪ್ರಾಸದ ಭಾರವೆಲ್ಲ ಮೂಲಪದದ ಮೇಲೆಯೇ ಬೀಳುತ್ತದೆ. ಕಿಂಗ್ (ರಾಜ), ರಿಂಗ್ (ಉಂಗುರ), ವಿಂಗ್ (ರೆಕ್ಕೆ), ಸ್ಟ್ರಿಂಗ್ (ದಾರ): ಅರ್ಥದಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಪದಗಳು ಬರೀ ಸದ್ದಿನ ಬಲದಿಂದ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತವೆ. ರಾಜನಿಗೂ ರೆಕ್ಕೆಗೂ ನೆಂಟಸ್ತಿಕೆ ಕಲ್ಪಿಸುವುದು ಕವಿಯ ಕೆಲಸ. ಅಂಥ ಪದಗಳನ್ನು ಹುಡುಕಿಕೊಡುವುದು ನಿಘಂಟುಕಾರನ ಕೆಲಸವಾಯಿತು.

ಈ ನಿಘಂಟುಗಳ ಕಥೆ ಎಂಜಿನಿಯರುಗಳಿಗೆ ಇಷ್ಟವಾಗುವಂಥದ್ದು. 1570ರಲ್ಲಿ ಪೀಟರ್ ಲೆವೆನ್ಸ್ ಎಂಬ ಯಾರ್ಕ್‌ಶೈರ್ ಸೀಮೆಯ ವಿದ್ವಾಂಸ ‘ಮ್ಯಾನಿಪ್ಯುಲಸ್ ವೊಕ್ಯಾಬ್ಯುಲೋರಮ್’ ಎಂಬ ಪುಸ್ತಕ ತಂದ. ಹೆಸರಿನ ಅರ್ಥ ‘ಪದಗಳ ಒಂದು ಹಿಡಿ’. ಇಂಗ್ಲಿಷ್ ಪದಗಳನ್ನು ಅವು ಮುಗಿಯುವ ರೀತಿಗೆ ತಕ್ಕಂತೆ ಗುಂಪು ಮಾಡಿ, ಪ್ರತಿಯೊಂದರ ಎದುರಿಗೆ ಲ್ಯಾಟಿನ್ ಅರ್ಥ ಕೊಟ್ಟ. ಪ್ರಾಸಪದ ಮತ್ತು ಅರ್ಥ ಎರಡನ್ನೂ ಒಟ್ಟಿಗೆ ಕೊಡುವ ಕ್ರಮ ಅಷ್ಟು ಹಳೆಯದು. ಎರಡು ಶತಮಾನದ ನಂತರ, 1775ರಲ್ಲಿ, ಜಾನ್ ವಾಕರ್ ಎಂಬಾತ ಇನ್ನೂ ದೊಡ್ಡ ಸಾಹಸ ಮಾಡಿದ. ಈತ ಮೊದಲು ನಾಟಕದ ನಟ, ಆಮೇಲೆ ಉಚ್ಚಾರಣೆ ಕಲಿಸುವ ಮೇಷ್ಟ್ರು. ಇಡೀ ಇಂಗ್ಲಿಷ್ ನಿಘಂಟನ್ನು ಬಾಲದ ಕಡೆಯಿಂದ ಜೋಡಿಸಿದ. ಮೊದಲ ಅಕ್ಷರದ ಬದಲು ಕೊನೆಯ ಅಕ್ಷರ, ಅದಾದ ಮೇಲೆ ಅದರ ಹಿಂದಿನದು, ಹೀಗೆ. ಇಂದು ಇದನ್ನು ಕಂಪ್ಯೂಟರಿನಲ್ಲಿ ಮಾಡಲು ಮೂರು ಸಾಲಿನ ಪ್ರೋಗ್ರಾಂ ಸಾಕು: ಪದವನ್ನು ತಿರುಗಿಸು, ಅಕಾರಾದಿಯಾಗಿ ಜೋಡಿಸು, ಮತ್ತೆ ತಿರುಗಿಸು. ಕೈಯಲ್ಲಿ ಮಾಡುವುದೆಂದರೆ ಏನು ಎಂದು ಊಹಿಸಿಕೊಳ್ಳಿ. ಆ ಪುಸ್ತಕ ಇಪ್ಪತ್ತನೆಯ ಶತಮಾನದಲ್ಲೂ ಮರುಮುದ್ರಣ ಆಗುತ್ತಲೇ ಇತ್ತು.

ಇಲ್ಲಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಕೊನೆಯ ಅಕ್ಷರದಿಂದ ಪದ ಜೋಡಿಸುವ ಉಪಾಯ ವಾಕರ್‌ಗಿಂತ ಸಾವಿರ ವರ್ಷಕ್ಕೂ ಹಿಂದೆಯೇ ನಮ್ಮಲ್ಲಿ ಇತ್ತು. ‘ಅಮರಕೋಶ’ದ ಮೂರನೆಯ ಕಾಂಡದಲ್ಲಿ ನಾನಾರ್ಥವರ್ಗ ಎಂಬ ಭಾಗವಿದೆ. ಒಂದಕ್ಕಿಂತ ಹೆಚ್ಚು ಅರ್ಥವಿರುವ ಪದಗಳು ಅಲ್ಲಿವೆ. ಅವುಗಳನ್ನು ಜೋಡಿಸಿರುವುದು ಕೊನೆಯ ವ್ಯಂಜನದ ಪ್ರಕಾರ: ‘ಕ’ದಿಂದ ಮುಗಿಯುವವು ಕಾಂತ, ‘ಖ’ದಿಂದ ಮುಗಿಯುವವು ಖಾಂತ, ಆಮೇಲೆ ಗಾಂತ. ಅಮರಸಿಂಹನ ಉದ್ದೇಶ ಪ್ರಾಸ ಹುಡುಕಿಕೊಡುವುದಲ್ಲ, ಪದ ಹುಡುಕಲು ಅನುಕೂಲ ಮಾಡುವುದು. ಆದರೂ ಇಬ್ಬರ ಬುದ್ಧಿ ಓಡಿದ್ದು ಒಂದೇ ದಾರಿಯಲ್ಲಿ.

ವಾಕರ್‌ನ ಉಪಾಯದಲ್ಲಿ ಒಂದು ತೊಡಕು ಉಳಿಯಿತು. ಕಾಫ್ (ಕೆಮ್ಮು), ರಫ್ (ಒರಟು), ಡೋ (ಕಲಸಿದ ಹಿಟ್ಟು), ಬೌ (ಮರದ ಕೊಂಬೆ), ಥ್ರೂ (ಮೂಲಕ) ಈ ಐದೂ ಓ-ಯು-ಜಿ-ಎಚ್ ಎಂದು ಮುಗಿಯುವುದರಿಂದ ಅವನ ಪುಟದಲ್ಲಿ ಅಕ್ಕಪಕ್ಕ ಕೂತವು. ಒಂದಕ್ಕೊಂದು ಪ್ರಾಸವಿಲ್ಲ. ಅದಕ್ಕಾಗಿ ಅವನು ಯಾವುದಕ್ಕೆ ಯಾವುದು ಸರಿಯಾದ ಪ್ರಾಸ, ಯಾವುದನ್ನು ನಡೆಸಿಕೊಳ್ಳಬಹುದು ಎಂದು ಬೇರೆ ಸೂಚಿಯನ್ನೇ ಕೊಡಬೇಕಾಯಿತು.

ಬರಹ ಮತ್ತು ಮಾತು ಹೀಗೆ ದೂರವಾದದ್ದು ಒಂದೇ ದಿನದಲ್ಲಿ ಅಲ್ಲ. ಆ ಜಿ-ಎಚ್ ಜೋಡಿಯನ್ನೇ ನೋಡಿ. ಚಾಸರ್ ಕವಿಯ ಕಾಲದಲ್ಲಿ (ಅವನು ತೀರಿಕೊಂಡದ್ದು 1400ರಲ್ಲಿ) ಅದಕ್ಕೆ ಗಂಟಲಿನಿಂದ ಬರುವ, ನಮ್ಮ ‘ಹ್’ ಮತ್ತು ‘ಖ್’ ನಡುವಿನ ಒಂದು ಧ್ವನಿ ಇತ್ತು. ನೈಟ್ ಅಂದರೆ ರಾತ್ರಿ, ನೈಟ್ ಅಂದರೆ ಅಶ್ವಾರೋಹಿ ವೀರ. ಎರಡನೆಯದರಲ್ಲಿ ಮುಂದಿನ ‘ಕೆ’ ಕೂಡ ಆಗ ಬಾಯಲ್ಲಿ ಇತ್ತು, ಸುಮಾರಾಗಿ ‘ಕ್ನಿಖ್ತ್’ ಎನ್ನುವ ಹಾಗೆ. ಕಾಲ ಕಳೆದಂತೆ ಆ ಗಂಟಲಿನ ಧ್ವನಿ ಕೆಲವು ಪದಗಳಲ್ಲಿ ಮಾಯವಾಯಿತು, ಕೆಲವದರಲ್ಲಿ ‘ಫ್’ ಆಯಿತು. ಕಾಗುಣಿತ ಮಾತ್ರ ಹಾಗೇ ನಿಂತಿತು. ಇನ್ನೊಂದು ಕಾರಣ ಕೈಬರಹ. ಅಂದಿನ ಲಿಪಿಕಾರರ ಬರವಣಿಗೆಯಲ್ಲಿ ಯು, ಎನ್, ಎಂ, ವಿ ಎಲ್ಲವೂ ನೇರ ಗೀಟುಗಳೇ. ಅಕ್ಕಪಕ್ಕ ಬಂದರೆ ಬೇಲಿಯ ಗೂಟಗಳ ಹಾಗೆ ಕಾಣುತ್ತಿದ್ದವು. ಓದಲು ಸುಲಭವಾಗಲಿ ಎಂದು ಅಂಥ ಕಡೆ ಯು ಬದಲು ಓ ಬರೆದರು. ಲವ್ (ಪ್ರೀತಿ), ಕಮ್ (ಬಾ), ಸನ್ (ಮಗ), ಮಂಕ್ (ಸನ್ಯಾಸಿ) ಪದಗಳಲ್ಲಿ ಇಲ್ಲದ ಓ ಬಂದು ಕೂತದ್ದು ಹೀಗೆ. ಆದ್ದರಿಂದಲೇ ಮಗ ಮತ್ತು ಸೂರ್ಯ ಎರಡಕ್ಕೂ ಹೇಳುವಾಗ ಸನ್, ಬರೆಯುವಾಗ ಒಂದಕ್ಕೆ ಓ, ಇನ್ನೊಂದಕ್ಕೆ ಯು. 1476ರಲ್ಲಿ ಕ್ಯಾಕ್ಸ್ಟನ್ ಎಂಬಾತ ಲಂಡನ್ನಿನ ಪಕ್ಕದ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಮುದ್ರಣಾಲಯ ತೆರೆದ. ಅಚ್ಚಿನಲ್ಲಿ ಕಾಗುಣಿತ ನಿಧಾನವಾಗಿ ಗಟ್ಟಿಯಾಗತೊಡಗಿತು. ಅದೇ ಹೊತ್ತಿನಲ್ಲಿ, ಸುಮಾರು 1400ರಿಂದ 1700ರ ನಡುವೆ, ಜನರ ಬಾಯಲ್ಲಿ ದೀರ್ಘ ಸ್ವರಗಳೆಲ್ಲ ಸಾಲಾಗಿ ಜಾಗ ಬದಲಿಸುತ್ತಿದ್ದವು. ಓ ಇದ್ದದ್ದು ಊ ಆಯಿತು, ಏ ಇದ್ದದ್ದು ಈ ಆಯಿತು. ಬರಹ ನಿಂತಿತು, ಮಾತು ನಡೆಯಿತು.

ಈಗ ನಮ್ಮ ಕಡೆಯ ಶಾಲೆಗಳಲ್ಲೆಲ್ಲ ಕೇಳಿಬರುವ ಹಳೆಯ ಜಗಳಕ್ಕೆ ಬರೋಣ. ಬಿ-ಯು-ಟಿ ಬಟ್ ಆದರೆ ಪಿ-ಯು-ಟಿ ಪಟ್ ಯಾಕಲ್ಲ? ಪುಟ್ ಸರಿಯಾದರೆ ಬುಟ್ ಯಾಕೆ ತಪ್ಪು? ಈ ಪ್ರಶ್ನೆ ಕೇಳಿದ ಹುಡುಗನಿಗೆ ಸಾಮಾನ್ಯವಾಗಿ ಸಿಗುವ ಉತ್ತರ “ಇಂಗ್ಲಿಷೇ ಹಾಗೆ, ಸುಮ್ಮನೆ ಕಲಿ” ಎಂದು. ನಿಜವಾದ ಉತ್ತರ ಇದೆ. ಒಂದು ಕಾಲದಲ್ಲಿ ಎರಡರಲ್ಲೂ ಇದ್ದದ್ದು ನಮ್ಮ ‘ಉ’ಕಾರವೇ. ಬಟ್ ಕೂಡ ಬುಟ್, ಕಟ್ ಕೂಡ ಕುಟ್, ಸನ್ ಕೂಡ ಸುನ್. ಹದಿನೇಳನೆಯ ಶತಮಾನದ ಸುಮಾರಿಗೆ ಇಂಗ್ಲೆಂಡಿನ ದಕ್ಷಿಣ ಭಾಗದ ಜನರ ಬಾಯಲ್ಲಿ ಈ ಉ ಸಡಿಲಗೊಂಡು ‘ಅ’ದ ಕಡೆಗೆ ಸರಿಯಿತು. ಪುಟ್, ಪುಲ್, ಫುಲ್, ಬುಷ್ ಎಂಬಂಥ ಕೆಲವು ಪದಗಳಲ್ಲಿ, ಅದರಲ್ಲೂ ತುಟಿ ಸೇರಿಸಿ ಹೇಳುವ ಪ, ಬ, ಫಗಳ ಪಕ್ಕದಲ್ಲಿ, ಹಳೆಯ ಉ ಉಳಿದುಕೊಂಡಿತು. ಅಲ್ಲೂ ನಿಯಮ ಪೂರ್ತಿ ನಡೆಯಲಿಲ್ಲ, ಬಟ್ ಜಾರಿಹೋಯಿತು. ಲಂಡನ್ನಿನ ಬಾಯಿ ರಾಜಧಾನಿಯ ಬಾಯಿ. ಅದೇ ನಿಘಂಟಿಗೆ ಹತ್ತಿತು, ಅದೇ ಹಡಗು ಹತ್ತಿ ನಮ್ಮ ಪಠ್ಯಪುಸ್ತಕಕ್ಕೂ ಬಂತು.

ಆದರೆ ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಅಂದರೆ ಯಾರ್ಕ್‌ಶೈರ್, ಲ್ಯಾಂಕಾಶೈರ್ ಕಡೆ, ಆ ಬದಲಾವಣೆ ನಡೆಯಲೇ ಇಲ್ಲ. ಇಂದಿಗೂ ಅಲ್ಲಿಯ ಆಡುಮಾತಿನಲ್ಲಿ ಕಟ್ ಮತ್ತು ಪುಟ್ ಒಳ್ಳೆಯ ಪ್ರಾಸ. ಬಸ್ಸನ್ನು ಅವರು ಬುಸ್ ಎಂದೇ ಅನ್ನುತ್ತಾರೆ. ನಮ್ಮೂರಿನ ಹುಡುಗ ಬಿ-ಯು-ಟಿ ಬುಟ್ ಎಂದು ಓದಿದರೆ ತರಗತಿ ನಗುತ್ತದೆ. ಲೀಡ್ಸ್ ಊರಿನ ಹುಡುಗ ಅದನ್ನೇ ಹೇಳಿದರೆ ಅದು ಅವನ ಮನೆಮಾತು. ಇದನ್ನು ಹೇಳುವುದು ಪರೀಕ್ಷೆಯಲ್ಲಿ ಹಾಗೆ ಬರೆಯಲಿ ಎಂದಲ್ಲ. ಹಾಗೆ ಓದುವ ಮಗುವನ್ನು ದಡ್ಡ ಎನ್ನುವವರಿಗೆ ಈ ಚರಿತ್ರೆ ಗೊತ್ತಿರಲಿ ಎಂದು. ಕನ್ನಡದ ನ್ಯಾಯವನ್ನು ಇಂಗ್ಲಿಷಿಗೂ ಹಚ್ಚುವ ಮಗುವಿನ ತರ್ಕದಲ್ಲಿ ಲೋಪವಿಲ್ಲ. ಲೋಪ ಇರುವುದು ಆ ಕಾಗುಣಿತದಲ್ಲಿ. ಅಂದ ಹಾಗೆ, ಜಾನ್ ವಾಕರ್ 1791ರಲ್ಲಿ ಒಂದು ಉಚ್ಚಾರಣೆಯ ನಿಘಂಟನ್ನೂ ತಂದ. ಸ್ಕಾಟ್ಲೆಂಡ್, ಐರ್ಲೆಂಡ್ ಮತ್ತು ಲಂಡನ್ನಿನವರು ತಮ್ಮ ತಮ್ಮ ಉಚ್ಚಾರದ ದೋಷ ತಿದ್ದಿಕೊಳ್ಳಲು ಅದರಲ್ಲಿ ನಿಯಮಗಳನ್ನು ಕೊಟ್ಟಿದ್ದ. ಲಂಡನ್ನಿನವರನ್ನೂ ಬಿಡಲಿಲ್ಲ!

ಹಳೆಯ ಜನ ಹೇಗೆ ಮಾತನಾಡುತ್ತಿದ್ದರು ಎಂದು ಇಷ್ಟು ಧೈರ್ಯವಾಗಿ ಹೇಳುವುದು ಹೇಗೆ? ಆಗ ಟೇಪ್ ರೆಕಾರ್ಡರ್ ಇರಲಿಲ್ಲ. ಇಲ್ಲಿ ಪ್ರಾಸಪದಗಳೇ ಒಂದು ಮುಖ್ಯ ಸಾಕ್ಷಿ. ಶೇಕ್ಸ್‌ಪಿಯರನ 116ನೆಯ ಸಾನೆಟ್ ಮುಗಿಯುವುದು ಪ್ರೂವ್ಡ್ ಮತ್ತು ಲವ್ಡ್ ಎಂಬ ಜೋಡಿಯಿಂದ. ಇಂದು ಓದಿದರೆ ಪ್ರಾಸ ಮುರಿಯುತ್ತದೆ. ಅವನ 154 ಸಾನೆಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಇಂಥ ಮುರಿದ ಜೋಡಿಗಳಿವೆ. ಅವನಂಥ ಕವಿಗೆ ಪ್ರಾಸ ಗೊತ್ತಿರಲಿಲ್ಲ ಎನ್ನಲು ಆಗುತ್ತದೆಯೇ? ಅವನ ಕಾಲದಲ್ಲಿ ಅವು ಕೂಡುತ್ತಿದ್ದವು ಎಂದೇ ಅರ್ಥ. ಡೇವಿಡ್ ಕ್ರಿಸ್ಟಲ್ ಎಂಬ ಭಾಷಾವಿಜ್ಞಾನಿ ಇಂಥ ಸಾಕ್ಷಿಗಳನ್ನು ಕೂಡಿಸಿ ಹಳೆಯ ಉಚ್ಚಾರವನ್ನು ಮರಳಿ ಕಟ್ಟಿದರು. 2004ರಲ್ಲಿ ಲಂಡನ್ನಿನ ಗ್ಲೋಬ್ ರಂಗಮಂದಿರದಲ್ಲಿ ‘ರೋಮಿಯೋ ಅಂಡ್ ಜೂಲಿಯೆಟ್’ ನಾಟಕವನ್ನು ಆ ಉಚ್ಚಾರದಲ್ಲೇ ಆಡಿಸಿದರು. ಹದಿನೆಂಟನೆಯ ಶತಮಾನದ ಆರಂಭದ ಪೋಪ್ ಕವಿ ಟೀ ಪದವನ್ನು ಒಬೇ (ವಿಧೇಯನಾಗು) ಪದಕ್ಕೆ ಪ್ರಾಸವಾಗಿ ತಂದಿದ್ದಾನೆ. ಅಂದರೆ ಆಗ ಅವರು ಕುಡಿಯುತ್ತಿದ್ದದ್ದು ‘ಟೇ’.

ಪ್ರಾಸದ ಪ್ರಶ್ನೆಯ ಜೊತೆಗೆ ಅರ್ಥದ ಪ್ರಶ್ನೆ ಯಾಕೆ ಬರುತ್ತದೆ ಎನ್ನುವುದನ್ನೂ ಹೇಳಬೇಕು. ಕೆಲವು ಇಂಗ್ಲಿಷ್ ಪದಗಳಿಗೆ ಅರ್ಥ ಗೊತ್ತಾಗುವವರೆಗೆ ಪ್ರಾಸ ಹುಡುಕಲು ಬರುವುದೇ ಇಲ್ಲ. ಟಿ-ಇ-ಎ-ಆರ್ ಎಂದು ಬರೆದರೆ ಏನು? ಕಣ್ಣೀರು ಎಂದಾದರೆ ಟಿಯರ್, ಅದಕ್ಕೆ ಫಿಯರ್ (ಭಯ) ಪ್ರಾಸ. ಹರಿ ಎಂದಾದರೆ ಟೇರ್, ಅದಕ್ಕೆ ಬೇರ್ (ಕರಡಿ) ಪ್ರಾಸ. ಎಲ್-ಇ-ಎ-ಡಿ ಮುನ್ನಡೆಸು ಎಂದಾದರೆ ಲೀಡ್, ನೀಡ್ (ಅಗತ್ಯ) ಜೊತೆ ಹೋಗುತ್ತದೆ. ಸೀಸ ಎಂಬ ಲೋಹವಾದರೆ ಲೆಡ್, ರೆಡ್ (ಕೆಂಪು) ಜೊತೆ ಹೋಗುತ್ತದೆ. ಗಾಳಿಯಾದರೆ ವಿಂಡ್, ಸುತ್ತು ಎಂದಾದರೆ ವೈಂಡ್. ಇನ್ನೂ ಸೂಕ್ಷ್ಮವಾದದ್ದು ಪರ್ಮಿಟ್. ಲಾರಿಯವರು ಇಟ್ಟುಕೊಳ್ಳುವ ಪರವಾನಗಿಯಾದರೆ ಒತ್ತು ಮೊದಲ ಭಾಗದ ಮೇಲೆ, ಅದಕ್ಕೆ ಹರ್ಮಿಟ್ (ಏಕಾಂತವಾಸಿ ಸನ್ಯಾಸಿ) ಪ್ರಾಸ. ಅನುಮತಿ ಕೊಡು ಎಂಬ ಕ್ರಿಯಾಪದವಾದರೆ ಒತ್ತು ಕೊನೆಗೆ, ಆಗ ಕಮಿಟ್ (ಬದ್ಧನಾಗು) ಪ್ರಾಸ. ಕಾಗುಣಿತ ಕೂದಲೆಳೆಯಷ್ಟೂ ಬದಲಾಗಿಲ್ಲ.

ಪ್ರಾಸವೇ ಸಿಗದ ಪದಗಳೂ ಇವೆ. ಅವುಗಳಲ್ಲಿ ಪ್ರಸಿದ್ಧವಾದದ್ದು ಆರೆಂಜ್. ವೇಲ್ಸ್ ನಾಡಿನ ಬ್ಲಾರೆಂಜ್ ಎಂಬ ಬೆಟ್ಟದ ಹೆಸರನ್ನು ಬಿಟ್ಟರೆ ನಿತ್ಯದ ಮಾತಿನಲ್ಲಿ ಅದಕ್ಕೆ ಸರಿಜೋಡಿ ಇಲ್ಲ. ಈ ಪದ ಹೊರಟದ್ದು ನಮ್ಮ ಕಡೆಯಿಂದಲೇ. ದ್ರಾವಿಡ ಮೂಲದ್ದೆಂದು ಹೇಳುವ ‘ನಾರಂಗ’ ಸಂಸ್ಕೃತಕ್ಕೆ ಹೋಗಿ, ಪರ್ಷಿಯನ್, ಅರಬ್ಬಿ, ಸ್ಪ್ಯಾನಿಷ್, ಫ್ರೆಂಚ್ ದಾಟಿ, ದಾರಿಯಲ್ಲಿ ‘ನ’ಕಾರ ಕಳೆದುಕೊಂಡು ಇಂಗ್ಲೆಂಡ್ ಸೇರಿತು. ಅಷ್ಟು ದೂರ ಹೋದರೂ ಜೊತೆ ಸಿಗಲಿಲ್ಲ. ಇತ್ತ ನಾವು ಇಂಗ್ಲಿಷಿನಿಂದ ತಂದ ಪದಗಳಿಗೆಲ್ಲ ಕೊನೆಗೊಂದು ಉ ಅಂಟಿಸಿ ಬಸ್ಸು, ಕಾರು, ಲೈಟು, ಪೆನ್ನು ಎಂದು ಮಾಡಿ, ಬಂದವರಿಗೆಲ್ಲ ಒಂದೇ ಬಾಲ ಕೊಟ್ಟುಬಿಟ್ಟಿದ್ದೇವೆ.

ಪ್ರಾಸ ಕವಿಗಳ ಶೋಕಿ ಮಾತ್ರ ಎಂದುಕೊಳ್ಳಬಾರದು. 1983ರಲ್ಲಿ ಬ್ರಾಡ್ಲಿ ಮತ್ತು ಬ್ರಯಂಟ್ ಎಂಬ ಆಕ್ಸ್‌ಫರ್ಡಿನ ಇಬ್ಬರು ಸಂಶೋಧಕರು ಓದಲು ಕಲಿಯದ ಸುಮಾರು 400 ಮಕ್ಕಳನ್ನು ಪರೀಕ್ಷಿಸಿ, ಕೆಲವು ವರ್ಷ ಗಮನಿಸಿದ ವರದಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಕೇಳಿದ ಪದಗಳಲ್ಲಿ ಪ್ರಾಸ ಗುರುತಿಸುವ ಮಕ್ಕಳು ಮುಂದೆ ಓದು-ಬರಹದಲ್ಲೂ ಚುರುಕಾಗಿದ್ದರು. ನಮ್ಮಂಥ ಊರಿಗೆ ಇದು ಇನ್ನೂ ಹೆಚ್ಚು ಅನ್ವಯಿಸುತ್ತದೆ. ನಾವು ಐದನೇ ತರಗತಿಯಲ್ಲಿ ಎಬಿಸಿಡಿ ಕಲಿತವರು, ಊರಿನಲ್ಲಿ ಇಂಗ್ಲಿಷ್ ಕಿವಿಗೆ ಬೀಳುತ್ತಲೇ ಇರಲಿಲ್ಲ. ಅಂಥ ಕಡೆ ಪದ್ಯದ ಪ್ರಾಸ ಖರ್ಚಿಲ್ಲದ ಉಚ್ಚಾರಣೆಯ ಕೈಪಿಡಿ. ಲೇಟ್ ಪದ ಗೊತ್ತಿದ್ದವನಿಗೆ ಅದರ ಜೋಡಿಯಾಗಿ ಬಂದ ಎಯ್ಟ್ ಹೇಗೆ ಹೇಳಬೇಕೆಂದು ಪದ್ಯವೇ ಹೇಳಿಕೊಡುತ್ತದೆ.

ಕೊನೆಯದಾಗಿ ಪೆನ್ಸಿಲ್ ಬರಹದ ವಿಷಯ. ಇಂಗ್ಲಿಷ್ ಪಾಠದ ಸಾಲುಗಳ ಮೇಲೆ ಕನ್ನಡ ಅಕ್ಷರದಲ್ಲಿ ಉಚ್ಚಾರ ಬರೆದುಕೊಳ್ಳುವುದು ನಮ್ಮ ಶಾಲೆಯಲ್ಲಿ ಎಲ್ಲ ಕಾಲದಲ್ಲೂ ಇದ್ದ ಪದ್ಧತಿ. ಅದನ್ನು ಕೀಳೆಂದು ನೋಡುವವರಿದ್ದಾರೆ. ಅಮೆರಿಕದ ಕಾರ್ನೆಗೀ ಮೆಲನ್ ವಿಶ್ವವಿದ್ಯಾಲಯ ಕಂಪ್ಯೂಟರಿಗೆ ಮಾತು ಕಲಿಸಲು ಒಂದು ಉಚ್ಚಾರಣಾ ನಿಘಂಟು ಮಾಡಿದೆ. ಅದರಲ್ಲಿ 1,34,000ಕ್ಕೂ ಹೆಚ್ಚು ಪದಗಳಿವೆ. ಪ್ರತಿ ಪದದ ಮುಂದೆ ಅದರ ಕಾಗುಣಿತ ಬಿಟ್ಟು ಸದ್ದನ್ನಷ್ಟೇ 39 ಧ್ವನಿಚಿಹ್ನೆಗಳಲ್ಲಿ ಬರೆದಿದ್ದಾರೆ. ಸ್ವರಗಳ ಪಕ್ಕ ಒತ್ತು ತೋರಿಸುವ 0, 1, 2 ಅಂಕಿಗಳಿವೆ. ಪ್ರಾಸ ಹುಡುಕುವ ಪ್ರೋಗ್ರಾಂ ಬರೆಯುವವನು ಮಾಡುವುದು ಇಷ್ಟೇ: ಕೊನೆಯ ಒತ್ತುಸ್ವರದಿಂದ ಪದದ ಅಂತ್ಯದವರೆಗಿನ ಚಿಹ್ನೆಗಳನ್ನು ತೆಗೆದುಕೊಂಡು, ಅದೇ ಸಾಲು ಇರುವ ಬೇರೆ ಪದಗಳನ್ನು ಹುಡುಕುವುದು. ರಫ್ ಮತ್ತು ಸ್ಟಫ್ ಅಲ್ಲಿ ತಕ್ಷಣ ಕೂಡುತ್ತವೆ. ನಮ್ಮ ಹುಡುಗರು ಪೆನ್ಸಿಲ್ಲಿನಲ್ಲಿ ‘ರಫ್’, ‘ಸ್ಟಫ್’ ಎಂದು ಬರೆದುಕೊಂಡದ್ದೂ ಅದೇ ಕೆಲಸ. ಕನ್ನಡ ಲಿಪಿಗೆ ಒಂದೆರಡು ಮಿತಿ ಇವೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿ ಒಂದೇ ‘ವ’, ಒತ್ತಿಗೆ ಗುರುತಿಲ್ಲ. ಒತ್ತು ಬೀಳುವ ಭಾಗದ ಕೆಳಗೆ ಒಂದು ಗೆರೆ ಎಳೆದುಕೊಂಡರೆ ಅದೂ ಮುಗಿಯಿತು.

ಆ ನಿಘಂಟಿನಲ್ಲಿ ಅರ್ಥ ಕೊಟ್ಟಿಲ್ಲ. ಟಿ-ಇ-ಎ-ಆರ್ ಪದಕ್ಕೆ ಎರಡು ಸಾಲು ಇವೆ, ಯಾವುದು ಕಣ್ಣೀರು, ಯಾವುದು ಹರಿಯುವುದು ಎಂದು ಯಂತ್ರಕ್ಕೆ ಅಲ್ಲಿಂದ ತಿಳಿಯುವುದಿಲ್ಲ. ಅದಕ್ಕಾಗಿ ಎಂಟರಿಂದ ಹತ್ತನೇ ತರಗತಿಯ ಪಠ್ಯಗಳಲ್ಲಿ ಬರುವ ಪ್ರಾಸಜೋಡಿಗಳನ್ನು ಕನ್ನಡ ಲಿಪಿಯ ಉಚ್ಚಾರ, ಒತ್ತಿನ ಗೆರೆ ಮತ್ತು ಕನ್ನಡ ಅರ್ಥದೊಂದಿಗೆ ಒಂದು ನೋಟ್ ಪುಸ್ತಕದಲ್ಲಿ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಬಲಗಡೆಯ ಪುಟಗಳನ್ನು ಖಾಲಿ ಬಿಟ್ಟಿದ್ದೇನೆ. ಪಠ್ಯ ಬದಲಾದಾಗ ಹೊಸ ಜೋಡಿಗಳನ್ನು ಮಕ್ಕಳೇ ಪೆನ್ಸಿಲ್ಲಿನಲ್ಲಿ ಸೇರಿಸಿಕೊಳ್ಳಬಹುದು.